ವ್ಯಾಟ್ ಕೇಳಿದ್ದು ಸಾಕು, ಇನ್ನು ಡಿಗ್ರಿ ಕೇಳಿ

ಯಾವ ಎಲೆಕ್ಟ್ರಿಕಲ್ ಅಂಗಡಿಗೆ ಬೇಕಾದ್ರೂ ಹೋಗಿ ನೋಡಿ. ಬಲ್ಬ್ ಬೇಕು ಅಂದ ತಕ್ಷಣ ಮೊದಲ ಪ್ರಶ್ನೆ, "ಎಷ್ಟು ವ್ಯಾಟ್ ಸಾರ್?" ಎರಡನೇದು, "ವೈಟಾ, ವಾರ್ಮಾ?" ಅಲ್ಲಿಗೆ ವಿಚಾರಣೆ ಮುಗೀತು. ಎಲ್ಲಿಗೆ ಹಾಕ್ತೀರಿ, ಎಷ್ಟು ಎತ್ತರಕ್ಕೆ, ಅದರ ಕೆಳಗೆ ಕೂತು ಯಾರು ಏನು ಮಾಡ್ತಾರೆ ಅಂತ ಯಾರೂ ಕೇಳೋದಿಲ್ಲ. ನಾವಾದ್ರೂ ಹೇಳ್ತೀವಾ? ಮೊಬೈಲ್ ಕೊಳ್ಳೋಕೆ ಹತ್ತು ರಿವ್ಯೂ ಓದಿ, ಪ್ರೊಸೆಸರ್ ಹೆಸರು ಬಾಯಿಪಾಠ ಮಾಡೋ ನಾವು ಐಟಿ ಜನ, ಮನೆಯ ದೀಪದ ವಿಷಯಕ್ಕೆ ಬಂದ್ರೆ "ಒಂದು ಒಂಬತ್ತು ವ್ಯಾಟ್ ಕೊಡಿ" ಅಂದು ಚಿಲ್ಲರೆ ಎಣಿಸಿಕೊಂಡು ಬರ್ತೀವಿ.

ನನ್ನ ತಕರಾರು ಇಷ್ಟೇ. ವ್ಯಾಟ್ ಅನ್ನೋದು ಕರೆಂಟ್ ಬಿಲ್ಲಿನ ಲೆಕ್ಕ. ಬಲ್ಬಿನಿಂದ ಒಟ್ಟು ಎಷ್ಟು ಬೆಳಕು ಬರುತ್ತೆ ಅನ್ನೋದಕ್ಕೆ ಲ್ಯೂಮೆನ್ ಅನ್ನೋ ಅಳತೆ ಇದೆ. ಆ ಬೆಳಕು ಎಷ್ಟು ಅಗಲಕ್ಕೆ ಹರಡುತ್ತೆ ಅಂತ ಹೇಳೋದು ಬೀಮ್ ಆಂಗಲ್. ನಡುಮಧ್ಯದ ಪ್ರಖರತೆ ಎರಡೂ ಬದಿಗೆ ಸರಿದು ಅರ್ಧಕ್ಕೆ ಇಳಿಯುತ್ತಲ್ಲ, ಆ ಎರಡು ಅಂಚುಗಳ ನಡುವಿನ ಕೋನ ಅದು. ಗಿಡಕ್ಕೆ ನೀರು ಹಾಕುವಾಗ ಪೈಪಿನ ಬಾಯಿಗೆ ಬೆರಳಿಟ್ಟು ಆಡಿಸ್ತೀವಲ್ಲ, ಹಾಗೆ. ನೀರು ಅಷ್ಟೇ ಇರುತ್ತೆ, ಒದ್ದೆಯಾಗೋ ಜಾಗ ಬೇರೆ.

ಹಳೇ ಬುರುಡೆ ಬಲ್ಬಿನ ಕಾಲದಲ್ಲಿ ಈ ತಲೆನೋವು ಇರಲಿಲ್ಲ. ತಂತಿ ಕಾದು ಹೆಚ್ಚುಕಮ್ಮಿ ಎಲ್ಲ ದಿಕ್ಕಿಗೂ ಬೆಳಕು ಚೆಲ್ತಿತ್ತು. ಎಲ್‌ಇಡಿ ಚಿಪ್ ಹಾಗಲ್ಲ, ಬೋರ್ಡಿಗೆ ಅಂಟಿಕೊಂಡು ಕೂತು ಮುಂದಕ್ಕೆ ಮಾತ್ರ ನೋಡುತ್ತೆ, ಸುಮಾರು 120 ಡಿಗ್ರಿ. ಅದರ ಮುಂದೆ ಲೆನ್ಸ್ ಇಟ್ಟರೆ 24, 36, 60 ಹೀಗೆ ಕಿರಿದಾಗುತ್ತೆ. ಹಾಲುಬಣ್ಣದ ಗುಮ್ಮಟ ಮುಚ್ಚಿದ್ರೆ ಇನ್ನಷ್ಟು ಹರಡುತ್ತೆ. 2015ರಲ್ಲಿ ಶುರುವಾದ ಉಜಾಲಾ ಯೋಜನೆಯಲ್ಲಿ ದೇಶದಲ್ಲಿ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬು ಹಂಚಿದ್ರು. ಬಲ್ಬು ಬದಲಾಯ್ತು, ಅಂಗಡಿಯ ಪ್ರಶ್ನೆ ಮಾತ್ರ ಅರವತ್ತು ವ್ಯಾಟಿನ ಕಾಲದ್ದೇ ಉಳೀತು.

ಲೆಕ್ಕ ಎಸ್ಸೆಸ್ಸೆಲ್ಸಿಯದು. ಎತ್ತರದ ಎರಡು ಪಟ್ಟನ್ನು ಅರ್ಧ ಕೋನದ ಟ್ಯಾನ್‌ನಿಂದ ಗುಣಿಸಿ. ದೀಪದಿಂದ ಮೇಜಿಗೆ 2 ಮೀಟರ್ ಇದ್ರೆ, 24 ಡಿಗ್ರಿಯದು ಮೇಜಿನ ಮೇಲೆ 85 ಸೆಂಟಿಮೀಟರ್ ಅಗಲದ ವೃತ್ತ ಬೀಳಿಸುತ್ತೆ. 36ರದು 1.3 ಮೀಟರ್, 60ರದು 2.3 ಮೀಟರ್, 120ರದು ಹತ್ತಿರ ಹತ್ತಿರ 7 ಮೀಟರ್! 36ಕ್ಕೂ 120ಕ್ಕೂ ವಿಸ್ತೀರ್ಣದಲ್ಲಿ 25 ಪಟ್ಟಿಗೂ ಮೀರಿದ ವ್ಯತ್ಯಾಸ. ಎರಡೂ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿರೋದು ಒಂದೇ, "7 ವ್ಯಾಟ್".

ಇದರ ಪರಿಣಾಮ ನೋಡ್ಬೇಕು ಅಂದ್ರೆ ಫಾಲ್ಸ್ ಸೀಲಿಂಗ್ ಮಾಡಿಸಿದ ಯಾವ ಫ್ಲ್ಯಾಟಿಗಾದ್ರೂ ಹೋಗಿ. ನಮ್ಮ ಹಾಲ್‌ನಲ್ಲೂ ಇಂಟೀರಿಯರ್‌ನವರು ಎಂಟು ಸ್ಪಾಟ್‌ಲೈಟ್ ಕೂರಿಸಿದ್ದಾರೆ. ನೆಲದ ಮೇಲೆ ಎಂಟು ದೋಸೆ, ಗೋಡೆಗಳೆಲ್ಲ ಗುಹೆ. ಎದುರು ಕೂತವರ ಕಣ್ಣಿನ ಕೆಳಗೆ ನೆರಳು ಬಿದ್ದು ಎಲ್ಲರೂ ರಕ್ಕಸ ವೇಷ. ದೂರಿದ್ರೆ, "7 ತೆಗೆದು 12 ವ್ಯಾಟ್ ಹಾಕ್ಸಿ ಸಾರ್" ಅಂದ್ರು. ಹಾಕಿಸಿದ್ರೆ ದೋಸೆ ಇನ್ನಷ್ಟು ಬೆಳ್ಳಗಾಗುತ್ತೆ, ಪಕ್ಕದ ಗೋಡೆ ಇನ್ನಷ್ಟು ಕಪ್ಪು ಕಾಣುತ್ತೆ. ಅಲ್ಲಿಗೆ ಬೇಕಿದ್ದದ್ದು ಅಗಲ ಕೋನ.

ಅಪ್ಪ ಪೇಪರ್ ಓದೋಕೆ ಕುರ್ಚಿ ಎಳ್ಕೊಂಡು ಒಂದು ವೃತ್ತದೊಳಗೆ ಕೂರ್ತಾರೆ. "ವಯಸ್ಸಾಯ್ತು ಕಣೋ, ಕಣ್ಣು ಮೊದಲಿನ ಹಾಗಿಲ್ಲ" ಅಂತ ತಮ್ಮನ್ನೇ ಬೈದುಕೊಳ್ತಾರೆ. ನಿಜ, ಅರವತ್ತರ ಕಣ್ಣಿನ ಒಳಪರದೆ ಮುಟ್ಟೋ ಬೆಳಕು ಇಪ್ಪತ್ತರ ಕಣ್ಣಿಗೆ ಹೋಲಿಸಿದ್ರೆ ಸುಮಾರು ಮೂರನೇ ಒಂದು ಭಾಗ. ಅದಕ್ಕೇ ಅವರಿಗೆ ಸರಿಯಾದ ಜಾಗದಲ್ಲಿ ಬೆಳಕು ಬೇಕು. ದೀಪದ ತಪ್ಪನ್ನ ಅವರ ಕಣ್ಣಿನ ಮೇಲೆ ಹೊರಿಸೋದು ಯಾವ ನ್ಯಾಯ?

ಹಾಗಂತ ಎಲ್ಲ ಕಡೆ 120 ಹಾಕಿ ಅಂತ ನಾನು ಹೇಳ್ತಿಲ್ಲ. ದೇವರ ಮನೆಯ ವಿಗ್ರಹಕ್ಕೆ, ಗೋಡೆಯ ಚಿತ್ರಕ್ಕೆ 24 ಚೆಂದ. ಅಡುಗೆಮನೆಯ ನಡುವಿನ ದೀಪಕ್ಕೆ ಬೆನ್ನು ಹಾಕಿ ನಿಂತ್ರೆ ನಮ್ಮದೇ ನೆರಳು ತರಕಾರಿ ಮೇಲೆ. ಅಲ್ಲಿ ಮೇಲಿನ ಕಪಾಟಿನ ಅಡಿಗೆ 120 ಡಿಗ್ರಿಯ ಪಟ್ಟಿ ದೀಪ ಬೇಕು. ಬಟ್ಟೆಯ ಶೇಡ್ ಇರೋ ತೂಗುದೀಪಕ್ಕೆ ಮುಂದಕ್ಕಷ್ಟೇ ಉಗುಳೋ ಬಲ್ಬ್ ಹಾಕಿದ್ರೆ ಶೇಡ್ ಮಂಕಾಗಿರುತ್ತೆ, ಅದಕ್ಕೆ ಸುತ್ತಲೂ ಬೆಳಗೋ ಫಿಲಮೆಂಟ್ ಮಾದರಿಯ ಎಲ್‌ಇಡಿ ಸರಿ. ಅದನ್ನೇ ಸೀಲಿಂಗ್‌ನ ಆಳದ ಡಬ್ಬಿಯೊಳಗೆ ಇಟ್ಟರೆ ಅರ್ಧ ಬೆಳಕು ಡಬ್ಬಿಗೇ ನೈವೇದ್ಯ.

"ಸ್ಟಾರ್ ಲೇಬಲ್ ಇದೆಯಲ್ಲಪ್ಪ" ಅಂತೀರಿ. ಇದೆ, ಒಳ್ಳೆಯದೇ. ಆದ್ರೆ ಅದು ಹೇಳೋದು ಒಂದು ವ್ಯಾಟಿಗೆ ಎಷ್ಟು ಲ್ಯೂಮೆನ್ ಅಂತ. ಐದು ಸ್ಟಾರಿನ ಬಲ್ಬ್ ತಪ್ಪು ಜಾಗಕ್ಕೆ ಬೆಳಕು ಚೆಲ್ಲಿದ್ರೂ ಐದು ಸ್ಟಾರೇ. "ಡಬ್ಬದ ಮೇಲೆ ಡಿಗ್ರಿನೂ ಬರೆದಿರ್ತಾರೆ" ಅಂತೀರಾ? ಕೆಲವರು ಬರೀತಾರೆ, ಭೂತಗನ್ನಡಿ ಹಿಡಿದು ಓದೋ ಅಕ್ಷರದಲ್ಲಿ, ಇಂಗ್ಲೀಷಿನಲ್ಲಿ. ವ್ಯಾಟ್ ಎಷ್ಟು ದೊಡ್ಡದಾಗಿದೆಯೋ ಅಷ್ಟೇ ದೊಡ್ಡದಾಗಿ ಲ್ಯೂಮೆನ್ನೂ ಡಿಗ್ರಿನೂ ಬರೀಲಿ, ಕನ್ನಡದಲ್ಲೂ ಬರೀಲಿ. ಓದಬೇಕಾದವರು ನಮ್ಮ ಅಪ್ಪ ಅಮ್ಮಂದಿರು.

ನಾವು ಕೇಳದೆ ಇದು ಆಗೋದಿಲ್ಲ. ಮುಂದಿನ ಸಲ "ಎಷ್ಟು ವ್ಯಾಟ್?" ಅಂದ್ರೆ "ಎಷ್ಟು ಡಿಗ್ರಿದು ಇದೆ?" ಅಂತ ತಿರುಗಿ ಕೇಳಿ. "ಬಿ.ಇ.ನಾ ಸಾರ್?" ಅಂತ ಅಂಗಡಿಯವರು ನಗಬಹುದು. ನಗಲಿ ಬಿಡಿ. ಹತ್ತು ಜನ ಕೇಳಿದ ಮೇಲೆ ಡಬ್ಬ ತಿರುಗಿಸಿ ಓದೋಕೆ ಶುರು ಮಾಡ್ತಾರೆ. ಏನಂತೀರಿ?