ಎರಡು ಜೀವಕ್ಕೆ ಎಷ್ಟು ಊಟ?

ಸೊಸೆ ಬಸುರಿ ಎಂದು ಗೊತ್ತಾದ ದಿನದಿಂದಲೇ ಬುದ್ಧಿಮಾತು ಶುರುವಾಗುತ್ತದೆ. ‘ಎರಡು ಜೀವದವಳು, ಇಬ್ಬರ ಊಟ ಮಾಡಬೇಕು’ ಎಂದು ಅತ್ತೆ ಇನ್ನೊಂದು ಮುದ್ದೆ ಬಡಿಸಲು ಬರುತ್ತಾರೆ. ಏಳನೇ ತಿಂಗಳು ತುಂಬುವ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ, ‘ಜಾಸ್ತಿ ತಿನ್ನಬೇಡ ಕಣವ್ವ, ಮಗು ದಪ್ಪ ಆದ್ರೆ ಹೆರಿಗೆ ಕಷ್ಟ’ ಎನ್ನುತ್ತಾರೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಈ ಎರಡೂ ಮಾತು ಒಂದೇ ಜಗಲಿಯ ಮೇಲೆ ಕೇಳಿಬರುವುದುಂಟು. ಎರಡರ ಹಿಂದೆಯೂ ಇರುವುದು ಅಕ್ಕರೆಯೇ. ಆದರೆ ಎರಡೂ ಸರಿಯಲ್ಲ. ಬಸುರಿಯ ಊಟ ದುಪ್ಪಟ್ಟಾಗಬೇಕಿಲ್ಲ, ಕಡಿಮೆಯಂತೂ ಆಗಕೂಡದು. ಒಂದಿಷ್ಟು ಹೆಚ್ಚಬೇಕು. ಆ ‘ಒಂದಿಷ್ಟು’ ಎಷ್ಟು ಎನ್ನುವುದು ಬಸುರಿಯಾಗುವ ಮುಂಚೆ ಆಕೆಯ ಮೈತೂಕ ಎಷ್ಟಿತ್ತು ಎಂಬುದರ ಮೇಲೆ ನಿಂತಿದೆ.

ಮೊದಲು ಲೆಕ್ಕ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಶಿಫಾರಸಿನ ಪ್ರಕಾರ, ಕೂತು ಮಾಡುವ ಕೆಲಸದ ಹೆಂಗಸಿಗೆ ದಿನಕ್ಕೆ ಸುಮಾರು 1,660 ಕ್ಯಾಲೊರಿ ಬೇಕು. ಮಧ್ಯಮ ಶ್ರಮದವರಿಗೆ 2,130. ಬಸುರಿಯಾದಾಗ ಇದರ ಮೇಲೆ 350 ಸೇರಬೇಕು. ಅಂದರೆ ಹಾಸನ ಪೇಟೆಯಲ್ಲಿ ಮೇಜಿನ ಮುಂದೆ ಕೆಲಸ ಮಾಡುವವಳಿಗೆ ಎರಡು ಸಾವಿರದ ಆಸುಪಾಸು ಸಾಕು. ಅರಕಲಗೂಡಿನ ಕಡೆ ಹೊಗೆಸೊಪ್ಪು, ಶುಂಠಿ ಹೊಲದಲ್ಲಿ ದುಡಿಯುವವಳಿಗೂ ಹೊಳೆನರಸೀಪುರದ ಗದ್ದೆಯಲ್ಲಿ ನಾಟಿ ಹಾಕುವವಳಿಗೂ ಎರಡೂವರೆ ಸಾವಿರ ಬೇಕಾಗುತ್ತದೆ. ಇಬ್ಬರಿಗೂ ಒಂದೇ ಅಳತೆಯ ತಟ್ಟೆ ಇಟ್ಟರೆ ಒಬ್ಬಳಿಗೆ ಹೆಚ್ಚಾಗುತ್ತದೆ, ಇನ್ನೊಬ್ಬಳಿಗೆ ಸಾಲುವುದಿಲ್ಲ.

ಒಂಬತ್ತು ತಿಂಗಳೂ ಒಂದೇ ಸಮ ಬೇಕೆಂದೂ ಇಲ್ಲ. 12 ಕೆಜಿ ತೂಕ ಏರುವ ಬಸುರಿಯನ್ನು ಇಟ್ಟುಕೊಂಡು ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು ಹಾಕಿದ ಲೆಕ್ಕ ಹೀಗಿದೆ: ಮೊದಲ ಮೂರು ತಿಂಗಳು ದಿನಕ್ಕೆ ಹೆಚ್ಚುವರಿ 85 ಕ್ಯಾಲೊರಿ, ನಡುವಿನ ಮೂರು ತಿಂಗಳು 285, ಕೊನೆಯ ಮೂರು ತಿಂಗಳು 475. ಹಾಗಾಗಿ ವಾಂತಿ, ಓಕರಿಕೆಯ ಆ ಮೊದಲ ದಿನಗಳಲ್ಲಿ ಊಟ ಸೇರುತ್ತಿಲ್ಲವೆಂದು ಮನೆಯವರು ಗಾಬರಿಯಾಗಬೇಕಿಲ್ಲ. ಗಂಜಿ, ರಾಗಿ ಅಂಬಲಿ, ಮಜ್ಜಿಗೆ, ಒಂದು ತುಂಡು ರೊಟ್ಟಿ ಎಂದು ಆಗಾಗ ಸ್ವಲ್ಪ ಸ್ವಲ್ಪ ಒಳಗೆ ಹೋದರೆ ಸಾಕು. ನೀರೂ ನಿಲ್ಲದಷ್ಟು ವಾಂತಿಯಾದರೆ ಮಾತ್ರ ಡಾಕ್ಟರ ಬಳಿ ಹೋಗಬೇಕು.

350 ಕ್ಯಾಲೊರಿ ಎಂದರೆ ಅಡುಗೆಮನೆಯಲ್ಲಿ ಏನು? ಒಂದು ಲೋಟ ಹಾಲು, ಒಂದು ಬೇಯಿಸಿದ ಮೊಟ್ಟೆ, ಒಂದು ಹಿಡಿ ಕಡಲೆಕಾಯಿ ಬೀಜ. ಇಷ್ಟೇ. 200 ಮಿಲಿ ಹಾಲಿನಿಂದ ಸುಮಾರು 120, ಮೊಟ್ಟೆಯಿಂದ 70, 30 ಗ್ರಾಂ ಬೀಜದಿಂದ 160 ಕ್ಯಾಲೊರಿ ಸಿಗುತ್ತದೆ. ಇವುಗಳಿಂದ ಹೆಚ್ಚುಕಡಿಮೆ 19 ಗ್ರಾಂ ಪ್ರೋಟೀನೂ ಬರುತ್ತದೆ. ಬಸುರಿಗೆ ನಡುವಿನ ತಿಂಗಳುಗಳಲ್ಲಿ ದಿನಕ್ಕೆ 9.5 ಗ್ರಾಂ, ಕೊನೆಯ ತಿಂಗಳುಗಳಲ್ಲಿ 22 ಗ್ರಾಂ ಪ್ರೋಟೀನ್ ಹೆಚ್ಚಿಗೆ ಬೇಕು ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಅದರ ಬದಲು 80 ಗ್ರಾಂ ಹಿಟ್ಟಿನ ಇನ್ನೊಂದು ಮುದ್ದೆ ನುಂಗಿದರೆ 250 ಕ್ಯಾಲೊರಿ ಸಿಗುತ್ತದೆ, ಪ್ರೋಟೀನ್ ಮಾತ್ರ ಆರು ಗ್ರಾಂ ದಾಟುವುದಿಲ್ಲ. ರಾಗಿ ಕೀಳೆಂದು ಇದರರ್ಥವಲ್ಲ. ಸುಣ್ಣದಂಶದಲ್ಲಿ ಅದನ್ನು ಮೀರಿಸುವ ಧಾನ್ಯ ನಮ್ಮಲ್ಲಿಲ್ಲ. ನಮ್ಮ ತಟ್ಟೆಯಲ್ಲಿ ಮುದ್ದೆಗೆ ಕೊರತೆಯಿಲ್ಲ, ಮುದ್ದೆಯ ಪಕ್ಕದಲ್ಲಿ ಇರಬೇಕಾದದ್ದಕ್ಕೆ ಕೊರತೆ.

ಬಸ್ಸಾರನ್ನೇ ನೋಡಿ. ಹುರುಳಿಕಾಳನ್ನೋ ಅವರೆಕಾಳನ್ನೋ ಸೊಪ್ಪಿನ ಜೊತೆ ಬೇಯಿಸಿ, ಕಟ್ಟು ಬಸಿದು, ಮಸಾಲೆ ರುಬ್ಬಿ ಹಾಕಿ ಸಾರು ಮಾಡುತ್ತೇವೆ. ಬಸಿದುಳಿದ ಕಾಳು ಸೊಪ್ಪು ಒಗ್ಗರಣೆ ಕಂಡು ಪಲ್ಯವಾಗುತ್ತದೆ. ಪ್ರೋಟೀನಿನ ಬಹುಪಾಲು ಆ ಪಲ್ಯದಲ್ಲೇ ಉಳಿದಿರುತ್ತದೆ. ಹೊಲದಿಂದ ಬಂದ ಗಂಡಸರಿಗೆ, ಸ್ಕೂಲಿನಿಂದ ಬಂದ ಮಕ್ಕಳಿಗೆ ಮೊದಲು ಬಡಿಸಿ, ಎಲ್ಲರದ್ದೂ ಆದ ಮೇಲೆ ಸೊಸೆ ತಟ್ಟೆಯ ಮುಂದೆ ಕೂರುವ ಮನೆಗಳಲ್ಲಿ ಆಕೆಯ ಪಾಲಿಗೆ ಮುದ್ದೆ ಸಿಗುತ್ತದೆ, ಸಾರು ಸಿಗುತ್ತದೆ, ಪಲ್ಯ ತಳ ಕಂಡಿರುತ್ತದೆ. ಹೊಟ್ಟೆ ತುಂಬಿತು ಎಂದು ಎಲ್ಲರಿಗೂ ಸಮಾಧಾನ. ಬಸುರಿ ಎಷ್ಟು ತಿನ್ನಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಇರುವುದು ಆಕೆ ಎಷ್ಟನೆಯವಳಾಗಿ ಊಟಕ್ಕೆ ಕೂರುತ್ತಾಳೆ ಎಂಬುದರಲ್ಲಿ.

ಇನ್ನು ಅಜ್ಜಿಯ ಎಚ್ಚರಿಕೆ. ಈ ನಂಬಿಕೆ ಹಾಸನದ್ದಷ್ಟೇ ಅಲ್ಲ. ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞರು ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಬಸುರಿಯರ ಊಟದ ಬಗ್ಗೆ ವಿಚಾರಿಸಿ 1983ರಲ್ಲಿ ಬರೆದ ಲೇಖನದಲ್ಲೂ ಇದೇ ಬರುತ್ತದೆ: ಊಟ ಹೆಚ್ಚಾದರೆ ಹೊಟ್ಟೆಯಲ್ಲಿ ಮಗುವಿಗೆ ಜಾಗ ಸಾಲದು, ಮಗು ಚಿಕ್ಕದಿದ್ದರೆ ಹೆರಿಗೆ ಸಲೀಸು. ಆಸ್ಪತ್ರೆ ದೂರವಿದ್ದು, ಸೂಲಗಿತ್ತಿಯೊಬ್ಬಳೇ ದಿಕ್ಕಾಗಿದ್ದ ಕಾಲದಲ್ಲಿ ದೊಡ್ಡ ಮಗುವಿನ ಭಯ ಸುಳ್ಳೇನಾಗಿರಲಿಲ್ಲ. ಆದರೆ ಅನ್ನ ಹೋಗುವುದು ಜಠರಕ್ಕೆ, ಮಗು ಬೆಳೆಯುವುದು ಗರ್ಭಕೋಶದಲ್ಲಿ. ಕೊನೆಯ ತಿಂಗಳುಗಳಲ್ಲಿ ಬೆಳೆದ ಗರ್ಭಕೋಶ ಜಠರವನ್ನು ಮೇಲಕ್ಕೆ ಒತ್ತುವುದರಿಂದ ಬೇಗ ಹೊಟ್ಟೆ ತುಂಬಿದಂತೆ ಅನಿಸುವುದು ನಿಜ. ಅದಕ್ಕೆ ಪರಿಹಾರ ಮೂರು ದೊಡ್ಡ ಊಟವನ್ನು ಐದಾರು ಸಣ್ಣ ಊಟವಾಗಿ ಹಂಚಿಕೊಳ್ಳುವುದು. ಹೆರಿಗೆ ಸಲೀಸಾಗುವುದಕ್ಕೆ ಮಗು ಮಲಗಿರುವ ರೀತಿ, ತಾಯಿಯ ಸೊಂಟದ ಮೂಳೆಯ ಅಗಲ, ನೋವಿನ ಬಲ ಎಲ್ಲವೂ ಕೂಡಿಬರಬೇಕು. ಉಪವಾಸದಿಂದ ಕೈಗೆ ಬರುವುದು ಸುಸ್ತಾದ ತಾಯಿ ಮತ್ತು ತೂಕವಿಲ್ಲದ ಮಗು.

ತೂಕವಿಲ್ಲದೆ ಹುಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿಗೇ ಸಾಕ್ಷಿ ಒದಗಿಸಿದ ಊರು ನಮ್ಮ ಪಕ್ಕದ ಮೈಸೂರು. ಹಳಬರು ಮಿಷನ್ ಆಸ್ಪತ್ರೆ ಎನ್ನುವ ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಸುತ್ತಳತೆಯನ್ನು ದಫ್ತರದಲ್ಲಿ ಬರೆದಿಟ್ಟಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಹುಡುಕಿ ಸಂಶೋಧಕರು ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ತೂಕವಿದ್ದು ಹುಟ್ಟಿದವರಲ್ಲಿ ಶೇ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು, 3.1 ಕೆಜಿ ಅಥವಾ ಹೆಚ್ಚಿದ್ದವರಲ್ಲಿ ಶೇ 3 ಮಂದಿಗೆ. ಹುಟ್ಟಿದಾಗ ತೂಕ ಕಡಿಮೆಯಿದ್ದು, ಬಸುರಿನಲ್ಲಿ ತಾಯಿಯೂ 45 ಕೆಜಿ ಮುಟ್ಟಿರದಿದ್ದರೆ ಕಾಯಿಲೆ ಶೇ 20ಕ್ಕೆ ಏರಿತ್ತು. ಅದೇ ದಫ್ತರ ಹಿಡಿದು ಸಕ್ಕರೆ ಕಾಯಿಲೆಯ ಬಗ್ಗೆ ನಡೆಸಿದ, 1998ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಮಗ್ಗುಲು ತೋರಿಸಿತು. ಉದ್ದ ಕಡಿಮೆಯಿದ್ದು ಗುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ, ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡಿತು. ಊಟವೊಂದೇ ಇದಕ್ಕೆಲ್ಲ ಕಾರಣವೆಂದು ಇದರಿಂದ ಹೇಳಲಾಗದು. ಆದರೆ ಅತ್ತೆಯ ಮಾತಿಗೂ ಅಜ್ಜಿಯ ಮಾತಿಗೂ ಒಂದೇ ಆಸ್ಪತ್ರೆಯ ದಫ್ತರ ಎಚ್ಚರಿಕೆ ಕೊಟ್ಟಿದೆ.

ಹಾಗಾದರೆ ನಮ್ಮ ಊಟ ಸರಿಯಿದೆಯೋ ಇಲ್ಲವೋ ತಿಳಿಯುವುದು ಹೇಗೆ? ತಕ್ಕಡಿ ಹೇಳುತ್ತದೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಅಳತೆಯನ್ನು ಐದಡಿ ಎತ್ತರದ ಹೆಂಗಸಿಗೆ ಹೊಂದಿಸಿ ಹೇಳುವುದಾದರೆ: ಬಸುರಿಗೆ ಮುಂಚೆ 43 ಕೆಜಿಗಿಂತ ಕಡಿಮೆಯಿದ್ದವಳು ಒಂಬತ್ತು ತಿಂಗಳಲ್ಲಿ 12.5ರಿಂದ 18 ಕೆಜಿ ಏರಬೇಕು. 43ರಿಂದ 58ರ ಒಳಗಿದ್ದವಳಿಗೆ 11.5ರಿಂದ 16 ಕೆಜಿ. ಅದಕ್ಕಿಂತ ತೂಕವಿದ್ದವಳಿಗೆ 7ರಿಂದ 11.5 ಸಾಕು, ಬೊಜ್ಜು ತೀರಾ ಹೆಚ್ಚಿದ್ದರೆ ಇನ್ನೂ ಕಡಿಮೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಹೇಳುವುದು 10ರಿಂದ 12 ಕೆಜಿ. ಮೊದಲ ಮೂರು ತಿಂಗಳಲ್ಲಿ ಒಂದೆರಡು ಕೆಜಿ ಏರಿದರೂ ಸರಿ, ಏರದಿದ್ದರೂ ಚಿಂತೆಯಿಲ್ಲ. ಆಮೇಲೆ ತೆಳ್ಳಗಿನವರಿಗೆ ವಾರಕ್ಕೆ ಅರ್ಧ ಕೆಜಿ, ಉಳಿದವರಿಗೆ ಅದಕ್ಕಿಂತ ಸ್ವಲ್ಪ ಕಡಿಮೆ. ಏರಿದ್ದೆಲ್ಲ ಬೊಜ್ಜೂ ಅಲ್ಲ. ಮಗು ಮೂರು ಕೆಜಿ, ಮಾಸು ಅರ್ಧ ಕೆಜಿ, ಗರ್ಭಕೋಶ ಮತ್ತು ಗರ್ಭದ ನೀರು ಸೇರಿ ಒಂದೂವರೆ ಕೆಜಿಗೂ ಮೇಲೆ, ಹೆಚ್ಚಿದ ರಕ್ತ ಒಂದೂಕಾಲು ಕೆಜಿಯಷ್ಟು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಹಾಲುಣಿಸುವ ದಿನಗಳಿಗೆಂದು ಮೈ ಕೂಡಿಡುವ ಬುತ್ತಿ. ಒಂದೇ ವಾರದಲ್ಲಿ ಒಂದು ಕೆಜಿಗೂ ಹೆಚ್ಚು ಏರಿ, ಮುಖ ಕೈ ಊದಿಕೊಂಡು, ತಲೆನೋವು, ಕಣ್ಣು ಮಂಜಾಗುವುದು ಕಂಡರೆ ಅದು ಊಟದ ವಿಷಯವಲ್ಲ, ಬಿಪಿ ಇರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ತೂಕ ಸರಿಯಿದ್ದರೂ ರಕ್ತ ಕಡಿಮೆ ಇರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಬಸುರಿಯರಲ್ಲಿ ಶೇ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ಇದನ್ನು ಊಟವೊಂದರಿಂದ ತುಂಬಲಾಗದು. ನಾಲ್ಕನೇ ತಿಂಗಳಿಂದ ಕಬ್ಬಿಣದ ಮಾತ್ರೆಯನ್ನು ಕನಿಷ್ಠ 180 ದಿನ ನುಂಗಬೇಕು. ಅದನ್ನು ಸುಣ್ಣದ ಮಾತ್ರೆಯ ಜೊತೆಗಾಗಲಿ, ಕಾಫಿ ಟೀ ಜೊತೆಗಾಗಲಿ ತೆಗೆದುಕೊಂಡರೆ ಮೈಗೆ ಹತ್ತುವುದು ಕಡಿಮೆ. ಕಾಫಿ ನಾಡಿನವರಿಗೆ ಕಾಫಿ ಬಿಡಿ ಎನ್ನುವುದು ಕಷ್ಟ. ದಿನಕ್ಕೆ ಒಂದೆರಡು ಲೋಟಕ್ಕೆ ನಿಲ್ಲಿಸಿ, ಊಟಕ್ಕೂ ಅದಕ್ಕೂ ಒಂದು ಗಂಟೆ ಅಂತರವಿಟ್ಟರೆ ಸಾಕು. ಮಸ್ಸೊಪ್ಪಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣ ಚೆನ್ನಾಗಿ ಹತ್ತುತ್ತದೆ.

ಸರ್ಕಾರ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ತಂದು, ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ, ಹಾಲು, ಮೊಟ್ಟೆ, ಕಡಲೆಕಾಯಿ ಚಿಕ್ಕಿ ಕೊಡುವ ಏರ್ಪಾಡು ಮಾಡಿತು. ಮೇಲೆ ಹೇಳಿದ 350 ಕ್ಯಾಲೊರಿಯ ಪಟ್ಟಿಯೇ ಅಲ್ಲಿದೆ. ಆದರೆ ‘ಅಲ್ಲಿ ಉಂಡು ಬಂದಿದ್ದಾಳಲ್ಲ’ ಎಂದು ಮನೆಯಲ್ಲಿ ರಾತ್ರಿಯ ಪಾಲು ತಗ್ಗಿಸಿದರೆ ಕೊಟ್ಟದ್ದೂ ಕೊಡದಂತೆಯೇ ಆಗುತ್ತದೆ.

ತಾಯಿ ಕಾರ್ಡಿನಲ್ಲಿ ಪ್ರತಿ ತಪಾಸಣೆಯ ತೂಕ ಬರೆಯಲು ಜಾಗವಿದೆ. ನರ್ಸಮ್ಮ ಅಂಕಿ ಬರೆದು ಕಾರ್ಡ್ ಮಡಚಿ ಕೊಟ್ಟಾಗ, ‘ಹೋದ ತಿಂಗಳಿಗಿಂತ ಎಷ್ಟು ಏರಿದೆ, ನನಗೆ ಇಷ್ಟು ಸಾಕೇ?’ ಎಂದು ಕೇಳಬೇಕು. ಆಶಾ ಕಾರ್ಯಕರ್ತೆಯರು ಈ ಪ್ರಶ್ನೆಗೆ ಬಸುರಿಗೆ ಮಾತ್ರವಲ್ಲ, ಆಕೆಯ ಅತ್ತೆಗೂ ಗಂಡನಿಗೂ ಕೇಳಿಸುವಂತೆ ಉತ್ತರಿಸಬೇಕು. ಏಕೆಂದರೆ ಮನೆಯಲ್ಲಿ ಸೌಟು ಹಿಡಿದು ಬಡಿಸುವವರು, ಸಂತೆಯಿಂದ ಕಾಳು ಮೊಟ್ಟೆ ತರುವವರು ಅವರೇ.