ಜನನಪ್ರಮಾಣವೂ ರೇಷ್ಮೆಮನೆಯೂ

ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರ ಹೋಬಳಿಯ ಊರುಗಳಲ್ಲಿ ಮದುವೆಯ ಮಾತೆದ್ದರೆ, ಕುಲಗೋತ್ರ ಜಾತಕಗಳಿಗಿಂತ ಮೊದಲು ಕೇಳಿಬರುವ ಪ್ರಶ್ನೆ “ಹುಡುಗಂಗೆ ಬೆಂಗ್ಳೂರಲ್ಲಿ ಕೆಲ್ಸ ಐತಾ?” ಎಂಬುದು. ಹಿಪ್ಪುನೇರಳೆ ತೋಟ, ತೆಂಗು, ಕೊಳವೆಬಾವಿ ಎಲ್ಲವೂ ಉಳ್ಳವನಾಗಿದ್ದು ಊರಿನಲ್ಲಿಯೇ ನೆಲೆನಿಂತ ಒಂದೇ ಅಪರಾಧಕ್ಕಾಗಿ ಮೂವತ್ತೈದು ದಾಟಿಯೂ ಅವಿವಾಹಿತನಾಗಿ ಉಳಿದವನು ಈಗ ಅಪರೂಪದವನಲ್ಲ. 2022ರಲ್ಲಿ ಆದಿಚುಂಚನಗಿರಿಯ ಒಕ್ಕಲಿಗ ವಧೂವರರ ಸಮಾವೇಶಕ್ಕೆ 11,000ಕ್ಕೂ ಮಿಕ್ಕು ವರರು ಹೆಸರು ಕೊಟ್ಟರೆ, ವಧುಗಳು 250ರ ಆಸುಪಾಸು. ಮರುವರ್ಷ ಮಂಡ್ಯ ಸೀಮೆಯ ಬ್ರಹ್ಮಚಾರಿಗಳು ಹೆಣ್ಣು ಬೇಡಿ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಅದನ್ನು ಕಂಡು ನಕ್ಕವರೇ ಹೆಚ್ಚು.

ಮದುವೆ ನಿಂತಲ್ಲಿ ಹೆರಿಗೆಯೂ ನಿಲ್ಲುತ್ತದೆ. ಜನನಪ್ರಮಾಣದ ಇಳಿತವನ್ನು ಕುರಿತು ಬರೆಯುವವರು ಪೂರ್ವ ಯೂರೋಪನ್ನು ಉದಾಹರಿಸುವುದುಂಟು. ಕಮ್ಯುನಿಸ್ಟ್ ಆಳ್ವಿಕೆ ಕುಸಿದೊಡನೆ ಉದ್ಯೋಗ, ವಸತಿ, ಶಿಶುವಿಹಾರಗಳ ಭರವಸೆಯೂ ಕಳಚಿಬೀಳಲಾಗಿ, ಹಿಂದಿನ ಪೂರ್ವ ಜರ್ಮನಿಯಲ್ಲಿ 1990ರ ದಶಕದ ಮಧ್ಯದ ಹೊತ್ತಿಗೆ ಸ್ತ್ರೀಯೊಬ್ಬಳಿಗೆ ಸರಾಸರಿ ಒಂದು ಮಗುವೂ ಇಲ್ಲದ ಸ್ಥಿತಿ ಒದಗಿತು. ಹಲವು ದೇಶಗಳಲ್ಲಿ ವಿವಾಹ ತಡವಾಯಿತು, ವಿವಾಹವಿಲ್ಲದ ಸಹಜೀವನ ರೂಢಿಗೆ ಬಂದಿತು. 1930ರಷ್ಟು ಹಿಂದೆಯೇ ಸರಕಾರದ ವತಿಯಿಂದ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆದ ಮೈಸೂರು ಸಂಸ್ಥಾನದ ಈ ನೆಲದಲ್ಲಾದರೋ ಇಳಿತವು ಸದ್ದಿಲ್ಲದೆ ನಡೆಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಸ್ತ್ರೀಯೊಬ್ಬಳಿಗೆ ಸರಾಸರಿ 1.7 ಮಕ್ಕಳು. ಬೇಗನೆ ಮದುವೆ, ಎರಡು ಹೆರಿಗೆ, ಆಮೇಲೆ ಆಪರೇಷನ್, ಅದೂ ಹೆಂಗಸಿಗೇ. ಸಂಖ್ಯೆ ಕುಗ್ಗಿತೇ ಹೊರತು ಸಂಸಾರದ ರೂಪ ಕದಲಲಿಲ್ಲ.

ಈಗ ಕದಲುತ್ತಿರುವುದು ಆ ರೂಪವೇ. ಗರ್ಭದಲ್ಲಿಯೇ ಹೆಣ್ಣನ್ನು ಹೊಸಕಿದ ಪಾತಕವೂ ವಧುಗಳ ಕೊರತೆಗೆ ಒಂದು ಕಾರಣವೆಂಬುದನ್ನು 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಬಯಲಾದ ಸ್ಕ್ಯಾನಿಂಗ್ ದಂಧೆ ನೆನಪಿಸಿತು. ಆದರೆ ಬದುಕಿರುವ ಹೆಣ್ಣುಮಕ್ಕಳೂ ಊರಿನ ವರನನ್ನು ಒಲ್ಲೆವೆನ್ನುತ್ತಿದ್ದಾರಲ್ಲ! ಅವರು ರೇಷ್ಮೆಮನೆಯನ್ನು ಬಲ್ಲವರು. ನಾಲ್ಕನೆಯ ಜ್ವರ (ಪೊರೆ ಕಳಚುವ ನಿದ್ದೆ) ಎದ್ದ ಹುಳುವಿಗೆ ವಾರದಷ್ಟು ಕಾಲ ಹಗಲಿರುಳೆನ್ನದೆ ಸೊಪ್ಪು ಹಾಕಿ, ಕಸ ತೆಗೆದು, ಹಣ್ಣಾದ ಹುಳುವನ್ನು ಒಂದೊಂದಾಗಿ ಆಯ್ದು ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟು, ನಡುವೆ ಹಸು ಕರೆದು, ಅಡುಗೆ ಮಾಡಿ ಬೆನ್ನು ಬಾಗಿದ ತಾಯಿಯನ್ನು ಅವರು ಕಣ್ಣಾರೆ ಕಂಡಿದ್ದಾರೆ. ಗೂಡು ರಾಮನಗರದ ಮಾರುಕಟ್ಟೆಗೆ ಹೋದಮೇಲೆ ಬಂದ ಹಣದ ಲೆಕ್ಕ ಅವಳ ಕೈಗೆ ಬಾರದ್ದನ್ನೂ ಕಂಡಿದ್ದಾರೆ. ಚನ್ನಪಟ್ಟಣದ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದವಳು ಅದೇ ಬಾಳನ್ನು ಒಲ್ಲೆನೆಂದರೆ ಅದನ್ನು ಕೊಬ್ಬೆಂದು ಕರೆಯುವುದು ಅನ್ಯಾಯ.

ಇಂಥ ಹೊತ್ತಿನಲ್ಲಿ, 2024ರ ಅಕ್ಟೋಬರಿನಲ್ಲಿ ಆಂಧ್ರದ ಚಂದ್ರಬಾಬು ನಾಯ್ಡು ಅವರು ಹೆಚ್ಚು ಮಕ್ಕಳನ್ನು ಹೆರಿರೆಂದು ಉಪದೇಶಿಸಿದರು. ಜನಸಂಖ್ಯೆಯನ್ನು ಆಧರಿಸಿದ ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆಯಿಂದ ದಕ್ಷಿಣಕ್ಕೆ ಒದಗಬಹುದಾದ ನಷ್ಟ ನನಗೂ ಕಳವಳದ ವಿಷಯವೇ; ಆದರೆ ಲೋಕಸಭೆಯ ಸ್ಥಾನಗಳಿಗಾಗಿ ಯಾವ ತಾಯಿ ಬಸಿರಾದಾಳು? 1966ರಲ್ಲಿ ರುಮೇನಿಯಾದ ಚೌಷೆಸ್ಕು ಗರ್ಭಪಾತವನ್ನು ನಿಷೇಧಿಸಿದಾಗ ಮರುವರ್ಷ ಜನನಗಳು ಇಮ್ಮಡಿಯಾದುವು, ಕೆಲವೇ ವರ್ಷಗಳಲ್ಲಿ ಮತ್ತೆ ಇಳಿದುವು. ಕಳ್ಳಗರ್ಭಪಾತದಲ್ಲಿ ಸತ್ತ ತಾಯಂದಿರೂ ಅನಾಥಾಲಯಗಳಲ್ಲಿ ತುಂಬಿದ ಮಕ್ಕಳೂ ಆ ಕಾಯಿದೆಯ ಫಲ.

ಮನೆಗೆ ಸೊಸೆ ಬೇಕೆನ್ನುವ ರೈತನು ಪಹಣಿಯಲ್ಲಿ ಆಕೆಯ ಹೆಸರನ್ನೂ ಸೇರಿಸಲಿ, ಗೂಡಿನ ಹಣದಲ್ಲಿ ಪಾಲು ಆಕೆಯ ಖಾತೆಗೆ ಹೋಗಲಿ. ಸರಕಾರವು ಸೊಪ್ಪು ಕತ್ತರಿಸುವ ಯಂತ್ರಕ್ಕೆ ಕೊಡುವಷ್ಟೇ ಗಮನವನ್ನು ಹೋಬಳಿಯ ಅಂಗನವಾಡಿಗೂ ಸಂಜೆಯ ಬಸ್ಸಿಗೂ ಕೊಡಲಿ. ಇಷ್ಟಾದಮೇಲೂ ಹುಡುಗಿ ಬೆಂಗಳೂರೇ ಬೇಕೆಂದರೆ, ಅದು ಆಕೆಯ ಇಷ್ಟ.