ಕೊಟ್ಟೂರು ರೈಲಿನ ವೇಳಾಪಟ್ಟಿಯಲ್ಲೊಂದು ಇಂಗ್ಲಿಷ್ ಪಾಠ

ಇಂಗ್ಲಿಷ್ ಕಲಿಸಲೆಂದು ಪರದೇಶಕ್ಕೆ ಹೊರಡುವ ಸ್ವಯಂಸೇವಕರಿಗೆ ಕಾರ್ಯಾಗಾರಗಳಲ್ಲಿ ಮೊದಲು ಹೇಳಿಕೊಡುವುದೇ ಆಟ. ಚೆಂಡು ಎಸೆದು ಹೆಸರು ಕೇಳುವುದು, ಚೀಟಿ ಎತ್ತಿ ನಟಿಸುವುದು, ನಕ್ಷೆ ಕೊಟ್ಟು ದಾರಿ ಹುಡುಕಿಸುವುದು. ಅಷ್ಟನ್ನು ಕಲಿತು ನೇಪಾಳಕ್ಕೋ ಆಫ್ರಿಕಾದ ಯಾವುದೋ ಹಳ್ಳಿಗೋ ವಿಮಾನ ಹತ್ತುತ್ತಾರೆ. ಈ ಪಾಠಕ್ರಮದ ಒಂದು ಮುಖ್ಯ ಬೇರು ಬೆಂಗಳೂರಿನಲ್ಲಿದೆ ಎಂಬುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ.

1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಅದಕ್ಕೆ ಆಸರೆ. ವ್ಯಾಕರಣದ ಪಟ್ಟಿ ಬದಿಗಿಟ್ಟು ಮಕ್ಕಳಿಗೆ ಬಿಡಿಸಬೇಕಾದ ಕೆಲಸ ಕೊಟ್ಟರು: ರೈಲಿನ ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿಯಬೇಕೆಂದು ಹೇಳು, ನಕ್ಷೆ ನೋಡಿ ದಾರಿ ತೋರಿಸು. ಮೊದಲು ಇಡೀ ತರಗತಿ ಮೇಷ್ಟ್ರ ಜೊತೆ ಒಂದು ಲೆಕ್ಕ ಬಿಡಿಸುತ್ತಿತ್ತು. ಆಮೇಲೆ ಅಂಥದ್ದೇ ಇನ್ನೊಂದನ್ನು ಮಗು ಒಂಟಿಯಾಗಿ ಬಿಡಿಸುತ್ತಿತ್ತು. ಉತ್ತರ ಹುಡುಕುವ ಭರದಲ್ಲಿ ಭಾಷೆ ತಾನಾಗಿ ನಾಲಿಗೆಗೆ ಬರುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1987ರಲ್ಲಿ ಆಕ್ಸ್‌ಫರ್ಡ್‌ನಿಂದ ಅವರ ಪುಸ್ತಕ ಬಂದ ಮೇಲೆ ಜಗತ್ತಿನ ಶಿಕ್ಷಕ ತರಬೇತಿಗಳಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಹೆಸರಾಯಿತು.

ವಿಜಯನಗರ ಜಿಲ್ಲೆಯ ಶಾಲೆಗಳಿಗೆ ಇದು ಹೇಳಿ ಮಾಡಿಸಿದ ಪಾಠ. ಹೊಸಪೇಟೆಯಿಂದ ಹರಿಹರಕ್ಕೆ ಹೋಗುವ ರೈಲುಮಾರ್ಗದಲ್ಲಿ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಮೂರೂ ಇವೆ. ಅಲ್ಲಿನ ವೇಳಾಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆದರೆ ಸಾಕು. ರೈಲಿಲ್ಲದ ಕೂಡ್ಲಿಗಿಗೆ ಬಸ್ ನಿಲ್ದಾಣದ ಬೋರ್ಡಿದೆ. ಹೂವಿನಹಡಗಲಿಯ ಮಕ್ಕಳಿಗೆ ಮಲ್ಲಿಗೆಯ ವ್ಯಾಪಾರವೇ ಸಾಕು: ಒಬ್ಬಳು ಮಾರುವವಳು, ಇನ್ನೊಬ್ಬ ಚೌಕಾಸಿ ಮಾಡುವವ, ಮಾತೆಲ್ಲ ಇಂಗ್ಲಿಷಿನಲ್ಲಿ. ಅಂಕಸಮುದ್ರದ ಕೆರೆಗೆ ಬರುವ ಹಕ್ಕಿಗಳನ್ನು ಎಣಿಸಿ ಬಣ್ಣ ಹೇಳುವುದೂ ಪಾಠವೇ.

ಇನ್ನೂ ಸುಲಭದ್ದು ಕೆರೆ–ದಡ. ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ. ‘ಟ್ಯಾಂಕ್’ ಎಂದರೆ ಒಳಗೆ, ‘ಬ್ಯಾಂಕ್’ ಎಂದರೆ ಹೊರಗೆ. ನಾಲ್ಕು ಸುತ್ತಾದ ಮೇಲೆ ‘ಡೋಂಟ್ ಜಂಪ್’ ಎಂದು ಕೂಗಿ ನೋಡಿ; ಅರ್ಧ ಸಾಲು ಗೆರೆ ದಾಟಿ ಔಟಾಗಿ ನಗುತ್ತಿರುತ್ತದೆ. ಕಿವಿಗೆ ಬಿದ್ದ ಅಪ್ಪಣೆಯನ್ನು ಮೈ ಪಾಲಿಸುವ ಈ ಬಗೆಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ ಶಾಸ್ತ್ರವಾಗಿ ಕಟ್ಟಿದರು. ಮನೆಯಲ್ಲಿ ಲಂಬಾಣಿ ಆಡುವ ತಾಂಡಾದ ಮಗುವಿಗೆ ಇದರಿಂದ ಇನ್ನೊಂದು ಲಾಭ: ಇಂಗ್ಲಿಷನ್ನು ಕನ್ನಡದ ಮೂಲಕವೇ ಅರ್ಥ ಮಾಡಿಕೊಳ್ಳುವ ಎರಡು ಪಟ್ಟು ಹೊರೆ ಇಲ್ಲ.

ಆಟದ ಕಲಿಕೆ ಸರ್ಕಾರಿ ಶಾಲೆಗೆ ಹೊಸತೂ ಅಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ–ಕಲಿ ರಾಜ್ಯಕ್ಕೆಲ್ಲ ಹಬ್ಬಿತು. ಆದರೆ ಅದು ಮೂರನೇ ತರಗತಿಗೆ ಮುಗಿಯುತ್ತದೆ. ನಾಲ್ಕಕ್ಕೆ ಬಂದ ಮಗುವಿಗೆ ಮತ್ತೆ ಪುಸ್ತಕ, ಪ್ರಶ್ನೋತ್ತರ, ಸ್ಪೆಲ್ಲಿಂಗ್. ಇಂಗ್ಲಿಷಿನ ಭಯ ಗಟ್ಟಿಯಾಗುವ ವಯಸ್ಸೂ ಅದೇ.

ಹಾಗೆಂದು ನಗರದಿಂದ ಬಂದ ಸ್ವಯಂಸೇವಕರು ಒಂದು ದಿನ ಕುಣಿಸಿ, ಫೋಟೊ ತೆಗೆದುಕೊಂಡು ಹೋದರೆ ಪ್ರಯೋಜನವಿಲ್ಲ. ಮಕ್ಕಳು ಅವತ್ತು ನಲಿಯುತ್ತಾರೆ, ಮಾರನೇ ದಿನ ಮೇಷ್ಟ್ರು ಹಳೇ ಗೈಡ್ ತೆರೆಯುತ್ತಾರೆ. ಅತ್ಯುತ್ತಮ ವಿಧಾನ ಎಂಬುದೇ ಇಲ್ಲ, ಮಾಡುವ ಪಾಠದಲ್ಲಿ ಶಿಕ್ಷಕನಿಗೇ ನಂಬಿಕೆ ಹುಟ್ಟಬೇಕು ಎಂದು 1990ರಲ್ಲಿ ಪ್ರಭು ಅವರೇ ವಾದಿಸಿದ್ದರು. ವರ್ಷಕ್ಕೊಂದು ಶಿಬಿರದಿಂದ ಆ ನಂಬಿಕೆ ಹುಟ್ಟದು. ಅತಿಥಿ ಶಿಕ್ಷಕರಂತೂ ಮುಂದಿನ ವರ್ಷ ಅದೇ ಶಾಲೆಯಲ್ಲಿರುತ್ತಾರೆಂಬ ಖಾತ್ರಿಯೂ ಇಲ್ಲ.

ಜಿಲ್ಲೆಯ ತಾಲ್ಲೂಕುಗಳ ಶಿಕ್ಷಣಾಧಿಕಾರಿಗಳು ಒಂದು ಕೆಲಸ ಮಾಡಬಹುದು. ಸ್ವಯಂಸೇವಕರನ್ನು ಮಕ್ಕಳ ಮುಂದೆ ನಿಲ್ಲಿಸುವ ಬದಲು ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗೆ ಕರೆಯಲಿ. ಪ್ರತಿ ಸಭೆಗೆ ಒಂದೇ ಆಟ. ಅದನ್ನು ಶಿಕ್ಷಕರೇ ಆಡಲಿ, ತಮ್ಮ ತರಗತಿಯಲ್ಲಿ ಆಡಿಸಲಿ, ಎಲ್ಲಿ ಕೆಟ್ಟಿತೆಂದು ಮುಂದಿನ ಸಭೆಯಲ್ಲಿ ಬಂದು ಹೇಳಲಿ. ಅತಿಥಿ ಶಿಕ್ಷಕರನ್ನೂ ಆ ಸಭೆಗೆ ತಪ್ಪದೆ ಸೇರಿಸಿಕೊಳ್ಳಲಿ.